ಹರಿಗೋಲಿಗೆ ಕಾಲಂ ಇರಲಿಲ್ಲ

ಆ ಭಾನುವಾರ ನಾನು ಚಪ್ಪಲಿ ಬಿಚ್ಚದೆ ಹೊಳೆ ದಾಟಿದೆ. ಅಕ್ಕನ ಮನೆಗೆ ಹಾಗೆ ಹೋದದ್ದು ಅದೇ ಮೊದಲು. ಅದಕ್ಕೆ ಮುಂಚೆ ಹರಿಗೋಲು ಹತ್ತಬೇಕಿತ್ತು, ಇಲ್ಲವೇ ಬೇಸಿಗೆಯಾದರೆ ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗೆ ಇಳಿಯಬೇಕಿತ್ತು. ಈಗ ದಡದಿಂದ ಹೊಳೆ ನಡುವಿನ ತಿಟ್ಟಿನವರೆಗೂ ಕಲ್ಲಿನ ದಾರಿ ಆಗಿತ್ತು. ಗುಂಡುಕಲ್ಲು ಒಟ್ಟಿ, ನೀರು ಹೋಗಲು ಅಲ್ಲಲ್ಲಿ ಕಂಡಿ ಬಿಟ್ಟು, ಮೇಲೆ ಚಪ್ಪಡಿ ಹಾಸಿದ್ದರು. ಎತ್ತು ಕೂಡ ನಡೆಯಬಹುದಿತ್ತು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೊದಲು ನೋಡಿದ್ದು ನನ್ನ ಕಾಲನ್ನು.

"ಓಹೋ, ಸಾಯೇಬ್ರು ಕಾಲು ನೆನೀದಂಗೆ ಬಂದವ್ರೆ. ಇನ್ಮೇಲೆ ನಿಂಗೆ ಕಾಲು ತೊಳ್ಯಕ್ಕೂ ನೀರು ಕೊಡ್ಬಾರ್ದು ಕಣ್ಲಾ" ಅಂದಳು. ಹಾಗನ್ನುತ್ತಲೇ ಚೊಂಬಿನಲ್ಲಿ ನೀರು ತಂದಿಟ್ಟಳು.

ಊಟಕ್ಕೆ ಮುದ್ದೆ, ಹುರುಳಿ ಬಸ್ಸಾರು. ಭಾವ ಹೊಲದ ಕಡೆ ಹೋಗಿದ್ದರು. ಉಂಡು ಜಗಲಿಯ ಮೇಲೆ ಕೂತೆ. ಮನೆಯ ಪಕ್ಕದಲ್ಲಿ ಹಳೆಯ ಹರಿಗೋಲನ್ನು ಬೋರಲು ಹಾಕಿದ್ದರು. ಅದರ ತೊಗಲು ಹರಿದು ಕಿತ್ತುಹೋಗಿ ಬಿದಿರಿನ ಹೆಣಿಗೆ ಮಾತ್ರ ಉಳಿದಿತ್ತು. ಅದರೊಳಗೆ ಅಕ್ಕನ ಕೋಳಿಗಳು ಓಡಾಡುತ್ತಿದ್ದವು. ತಿಟ್ಟಿಗೆಲ್ಲ ಇದ್ದದ್ದು ಅದೊಂದೇ ಹರಿಗೋಲು. ಅದು ಕೋಳಿಗೂಡಾದದ್ದು ನನಗೆ ಆಗ ತಮಾಷೆಯಾಗಿ ಕಂಡಿತ್ತು.

ಹೊಳೆಯಲ್ಲೇ ಸ್ವಲ್ಪ ಕೆಳಕ್ಕೆ ಇನ್ನೊಂದು ತಿಟ್ಟಿತ್ತು. ಆ ಕೆಳಗಿನ ತಿಟ್ಟಿನವರು ಅವತ್ತು ಮನೆ ಬಿಚ್ಚುತ್ತಿದ್ದರು. ಜಗಲಿಯಿಂದಲೇ ಕಾಣುತ್ತಿತ್ತು. ಚಾಪೆಯ ಗೋಡೆಗಳನ್ನು ಸುರುಳಿ ಸುತ್ತಿ, ಬಿದಿರಿನ ಗಳುಗಳನ್ನು ಕಟ್ಟಿ, ಮಡಕೆ ಕುಡಿಕೆಗಳ ಸಮೇತ ಹರಿಗೋಲಿಗೆ ಹಾಕಿ ದಡಕ್ಕೆ ಸಾಗಿಸುತ್ತಿದ್ದರು. ಪ್ರತಿ ವರ್ಷ ಮುಂಗಾರಿನ ಹೊಳೆ ಏರುವುದಕ್ಕೆ ಮುಂಚೆ ಅವರು ಹೀಗೆ ಊರನ್ನೇ ಮಡಚಿಕೊಂಡು ದಡದ ಹೊಂಗೆ ತೋಪಿಗೆ ಹೋಗುತ್ತಿದ್ದರು. ಕಾರ್ತಿಕದಲ್ಲಿ ಮರಳಿ ಬಂದು ಅದೇ ಜಾಗದಲ್ಲಿ ಅದೇ ಗಳು ನೆಡುತ್ತಿದ್ದರು.

"ಈ ಸಾರಿ ಬ್ಯಾಗನೆ ಒಂಟವ್ರೆ" ಅಂದಳು ಅಕ್ಕ, ಕಣ್ಣಿಗೆ ಕೈ ಅಡ್ಡ ಹಿಡಿದು.

"ಅವ್ರಿಗೇನು, ಗಂಟು ಕಟ್ಟದೇ ಕೆಲ್ಸ" ಅಂದೆ.

ಅಕ್ಕ ಎದ್ದು ಒಳಗೆ ಹೋದಳು. ನಾನು ಹೊರಟಾಗ ಕಡಲೆಕಾಯಿ ಕಟ್ಟಿಕೊಟ್ಟಳು. ಕಲ್ಲಿನ ದಾರಿಯವರೆಗೂ ಬಂದು, "ಬರೋ ವಾರ ಬರ್ತಾ ಒಂದು ದಬ್ಳ ತಕ್ಕಂಡ್ ಬಾ. ದೊಡ್ದು. ಸಣ್ದು ತರಬ್ಯಾಡ" ಅಂದಳು. ದಬ್ಬಳವೆಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಗೋಣಿಚೀಲಕ್ಕೇ ಇರಬೇಕೆಂದುಕೊಂಡು ಹೂಂ ಅಂದೆ.

ಮುಂದಿನ ಭಾನುವಾರ ನಾನು ಹೋಗಲಿಲ್ಲ.

ನಮ್ಮ ಊರು ಹನೂರಿನ ಹತ್ತಿರ. ಅವ್ವ ಹೋದಾಗ ನನಗೆ ಮೂರೋ ನಾಲ್ಕೋ ವರ್ಷ, ಅಕ್ಕನಿಗೆ ಹದಿಮೂರು. ಅವ್ವನ ಮುಖ ನನಗೆ ನೆನಪಿಲ್ಲ. ಅವ್ವ ಅಂದರೆ ಅಕ್ಕನ ಮುಖವೇ ಬರುತ್ತದೆ. ಅಕ್ಕನನ್ನು ಕಾವೇರಿಯ ನಡುಗಡ್ಡೆಗೆ ಕೊಡುವ ಮಾತು ಬಂದಾಗ, ತಮ್ಮನೂ ಜೊತೆಗೆ ಬರುತ್ತಾನೆ ಅಂತ ಅವಳು ಷರತ್ತು ಹಾಕಿದಳಂತೆ. ಭಾವನವರ ಮನೆಯವರು ಒಪ್ಪಿದರು. ನಾನು ಅಲ್ಲಿಂದಲೇ ಕೊಳ್ಳೇಗಾಲದ ಶಾಲೆಗೆ ಹೋದೆ. ಅಕ್ಕನಿಗೆ ಮಕ್ಕಳಾಗಲಿಲ್ಲ. ಕೇಳಿದವರಿಗೆಲ್ಲ, "ತಮ್ಮ ಒಬ್ಬ ಅವ್ನೆ, ಅಂವ್ನೇ ಸಾಕು, ತಿನ್ನಾದ್ರಾಗೆ ಮೂರು ಮಕ್ಳ ಸಮ" ಅನ್ನುತ್ತಿದ್ದಳು.

ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಸೇರಿದ್ದು ಐವತ್ತಾರರಲ್ಲಿ. ಅದಾಗಿ ಕೆಲವು ವರ್ಷಕ್ಕೆ ನನಗೆ ಬ್ಲಾಕ್ ಆಫೀಸಿನಲ್ಲಿ ಗ್ರಾಮಸೇವಕನ ಕೆಲಸ ಸಿಕ್ಕಿತು. ಕೊಳ್ಳೇಗಾಲದಲ್ಲಿ ರೂಮು ಮಾಡಿದೆ. ರೇಷ್ಮೆ ಮಗ್ಗದವರ ಬೀದಿ. ಬೆಳಗಿನಿಂದ ಸಂಜೆವರೆಗೆ ಮಗ್ಗದ ಸದ್ದು. ಭಾನುವಾರ ಬಂದರೆ ಸೈಕಲ್ ಹತ್ತಿ ಅಕ್ಕನ ಮನೆ.

ಆಗ ನಮ್ಮ ಆಫೀಸಿಗೆ ಬಂದ ಸಾಹೇಬರು ಅರ್ಥಶಾಸ್ತ್ರ ಓದಿದವರು. ಒಳ್ಳೆಯ ಮನುಷ್ಯ. ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಊರೂರಿನಲ್ಲಿ ಜನ ಎಷ್ಟು ಸ್ಥಿರ ಬಂಡವಾಳ ಹೂಡಿದ್ದಾರೆ ಎಂದು ಬರೆದು ಕಳಿಸಬೇಕೆಂದು ಮೇಲಿನಿಂದ ಫಾರಂ ಬಂದಿತ್ತು. ಗೋಡೆಯ ನಕ್ಷೆಯಲ್ಲಿ ಅವರು ಕಾವೇರಿಯ ಮೇಲೆ ಬೆರಳಿಟ್ಟು ನಿಂತರು. ಹೊಳೆ ಅಲ್ಲಿ ಕವಲಾಗುತ್ತದೆ. ಕವಲಿನ ನಡುವೆ ಎರಡು ಸಣ್ಣ ಚುಕ್ಕೆ.

"ಇವೇನು?"

"ತಿಟ್ಟು ಸಾರ್. ಜನ ಇದ್ದಾರೆ. ಮೇಲಿನ ತಿಟ್ಟಲ್ಲಿ ನಮ್ಮ ಅಕ್ಕನ ಮನೆ. ಕೆಳಗಿನದು ಕಾಲು ಮೈಲಿ ಕೆಳಕ್ಕೆ."

ಅವರಿಗೆ ಬಹಳ ಸಂತೋಷವಾಯಿತು. "ಎರಡು ಪುಟ್ಟ ದ್ವೀಪ ದೇಶ ಇದ್ದಂಗೆ ಇವೆ ಕಣಯ್ಯ. ನಾವು ಪುಸ್ತಕದಲ್ಲಿ ಓದ್ತೀವಲ್ಲ, ಸಮುದ್ರದ ಮಧ್ಯ, ಸುತ್ತ ನೀರು. ಒಳಗೆ ಏನು ಬಂತು, ಏನು ಉಳೀತು, ಎಲ್ಲಾ ಸರಿಯಾಗಿ ಅಳೀಬಹುದು. ಒಂದೇ ಹೊಳೆ, ಒಂದೇ ಮಣ್ಣು, ಹೆಚ್ಚುಕಮ್ಮಿ ಸಮಸಮ ಮನೆ. ಎರಡನ್ನೂ ಹೋಲಿಸಿ ಬರಿ. ಯಾವುದು ಮುಂದೆ ಬರ್ತದೆ, ಯಾಕೆ, ಅಂತ" ಅಂದರು.

ಸ್ಥಿರ ಬಂಡವಾಳ ಎಂಬ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವರೇ ಕೂರಿಸಿಕೊಂಡು ಹೇಳಿಕೊಟ್ಟರು. ಹಾಕಿದ್ದು ಮೂರು ವರ್ಷ ದಾಟಿ ನಿಲ್ಲಬೇಕು, ನಿಂತು ದುಡಿಯಬೇಕು. ಬಾವಿ, ಕಲ್ಲಿನ ಕಟ್ಟಡ, ಸೋಪಾನ, ಏತ, ಇಂಜಿನ್ನು, ದಾರಿ. ಅಷ್ಟರೊಳಗೆ ಸವೆದುಹೋಗಿ ಮತ್ತೆ ಮತ್ತೆ ಮಾಡಿಕೊಳ್ಳುವಂಥದ್ದು ಖರ್ಚು, ಅದು ಬಂಡವಾಳವಲ್ಲ.

ನಾನು ಫಾರಂ ಹಿಡಿದು ಮೊದಲು ಮೇಲಿನ ತಿಟ್ಟಿಗೆ ಹೋದೆ. ಅಲ್ಲಿ ಬರೆಯಲು ಬೇಕಾದಷ್ಟಿತ್ತು. ಕಲ್ಲು ಕಟ್ಟಿದ ಬಾವಿ, ಹೆಂಚಿನ ಮನೆಗಳು, ಹೊಳೆಗೆ ಇಳಿಯುವ ಹನ್ನೊಂದು ಮೆಟ್ಟಿಲು, ದನದ ಕೊಟ್ಟಿಗೆಗೆ ಹಾಸಿದ ಚಪ್ಪಡಿ. ಅಕ್ಕ ನನ್ನ ಹಿಂದೆಯೇ ಬರುತ್ತಿದ್ದಳು.

"ಏನ್ಲಾ ಅದು, ಸ್ಥಿರ ಅಂದ್ರೆ?"

"ಹೋದ ವರ್ಷ ಇದ್ದು, ಈ ವರ್ಷ ಇದ್ದು, ಬರೋ ವರ್ಷಾನೂ ಇದ್ದು ಕೆಲ್ಸ ಮಾಡಾದು."

"ಅಂಗಾರೆ ನಾನು?"

"ನೀನೇನು?"

"ಅದಿನೈದು ವರ್ಷದಿಂದ ಈ ಮನೇಲಿ ದುಡೀತಾವ್ನಿ. ನಂಗೂ ಒಂದು ಕಾಲಂ ಆಕ್ಲಾ. ನಿಮ್ಮ ಸಾಯೇಬ್ರು ಬಂದು ನೋಡ್ಕಂಡ್ ಓಗ್ಲಿ."

ಭಾವ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ಹೊಳೆಯ ಅಂಚಿಗೆ ಕಟ್ಟಿದ್ದ ಹರಿಗೋಲನ್ನು ತೋರಿಸಿ, "ಅದ್ನ ಬರ್ಕಂಡ್ಯಾ?" ಅಂದಳು. ಬರೆದುಕೊಂಡಿರಲಿಲ್ಲ. ಹರಿಗೋಲಿನ ತೊಗಲು ಎರಡು ವರ್ಷಕ್ಕೆ ಕೊಳೆಯುತ್ತದೆ. ಹೊಸ ತೊಗಲು ನೆನೆಹಾಕಿ, ಹದ ಮಾಡಿ, ಹೆಣಿಗೆಗೆ ಎಳೆದು ಹೊಲಿಯಬೇಕು. ಬಿದಿರು ಕೂಡ ಒಂದೊಂದಾಗಿ ಬದಲಾಗುತ್ತಲೇ ಇರುತ್ತದೆ. ಸಾಹೇಬರು ಹೇಳಿಕೊಟ್ಟ ಲೆಕ್ಕದಲ್ಲಿ ಅದು ಖರ್ಚು.

"ಅದಕ್ಕೆ ಕಾಲಂ ಇಲ್ಲ ಕಣಕ್ಕ" ಅಂದೆ.

"ಬಾವಿ ಬರ್ದೆ, ಮೆಟ್ಲು ಬರ್ದೆ. ನಿನ್ನ ಇಸ್ಕೂಲಿಗೆ ದಾಟಿಸಿದ್ದು ಬಾವ್ಯೇನ್ಲಾ?"

ಅದಕ್ಕೂ ನಕ್ಕೆ.

ಕೆಳಗಿನ ತಿಟ್ಟಿನಲ್ಲಿ ನನ್ನ ಫಾರಂ ಖಾಲಿ ಉಳಿಯಿತು. ಅಲ್ಲಿನ ಯಜಮಾನನಿಗೆ ಆಗಲೇ ಅರವತ್ತು ದಾಟಿರಬೇಕು. ಹುಟ್ಟು ಹಾಕಿ ಹಾಕಿ ಹೆಗಲು ಒಂದು ಕಡೆ ದಪ್ಪಗಾಗಿತ್ತು. ನಾನು ಒಂದೊಂದೇ ಕೇಳುತ್ತಾ ಹೋದೆ. ಬಾವಿ? ಹೊಳೆ ಇರುವಾಗ ಬಾವಿ ಯಾಕೆ. ಕಟ್ಟಡ? ಚಾಪೆಯ ಮನೆ. ಮೆಟ್ಟಿಲು? ಮರಳು. ಅವರಲ್ಲಿ ಎರಡು ಮನೆಗೊಂದರಂತೆ ಹರಿಗೋಲು ಇದ್ದವು, ಎಲ್ಲವೂ ಹೊಸ ತೊಗಲಿನವು. ಅವನ್ನು ಬರೆಯುವಂತಿರಲಿಲ್ಲ.

"ಏನೂ ಇಲ್ಲ ಅಂತ ಬರ್ಕೊಳ್ಳಿ ಸಾ" ಅಂದ ಮುದುಕ. "ಇರಾದೆಲ್ಲ ನಮ್ಮ ಎಗಲ ಮ್ಯಾಲದೆ. ಅದ್ನ ಕಾಗ್ದದ ಮ್ಯಾಕೆ ಎಂಗಿಡೀರಿ?"

ಅವನ ಜನರೆಲ್ಲ ಗೊಳ್ಳೆಂದು ನಕ್ಕರು. ಒಬ್ಬ ಹೆಂಗಸು, "ಬಾಳೆಹಣ್ಣಾರ ತಿನ್ನಿ ಸಾ, ಅದೂ ನಿಲ್ಲಲ್ಲ, ನಾಳೀಕೆ ಕೊಳ್ತೋಯ್ತದೆ" ಅಂದಳು. ನಾನು ತಿಂದು ಬಂದೆ.

ಸಾಹೇಬರು ಎರಡು ಫಾರಂಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ತುಂಬಿದೆ, ಒಂದು ಬರಿದು. ಸ್ಥಿರ ಬಂಡವಾಳ ಹೂಡುವವರು ಮುಂದೆ ಬರುತ್ತಾರೆ ಎಂದು ಅವರು ಓದಿದ್ದರು. ಕಣ್ಣೆದುರಿಗೆ ಅದೇ ಕಂಡಿತು. ಬ್ಲಾಕಿಗೆ ಒಂದು ನೀರೆತ್ತುವ ಇಂಜಿನ್ನು ಬರುವುದಿತ್ತು. ಮೇಲಿನ ತಿಟ್ಟಿನವರು ತಮ್ಮ ದುಡಿಮೆಯಿಂದ ಇನ್ನೊಂದು ಶಾಶ್ವತವಾದ ಕೆಲಸ ಮಾಡಿ ತೋರಿಸಿದರೆ ಇಂಜಿನ್ನು ಅವರಿಗೇ ಕೊಡಿಸಲು ಬರೆಯುತ್ತೇನೆ ಅಂದರು. ಈ ಸುದ್ದಿಯನ್ನು ತಿಟ್ಟಿಗೆ ತಲುಪಿಸಿದವನು ನಾನೇ.

ದಡದವರೆಗೆ ಕಲ್ಲಿನ ದಾರಿ ಹಾಕುವುದೆಂದು ಅವರು ಯೋಚಿಸಿದರು. ಆದರೆ ಕಲ್ಲು ಎಳೆಯಲು ಸರಿಯಾದ ಕಾಲ ಹೊಳೆ ಬತ್ತಿರುವ ಎರಡು ತಿಂಗಳು. ಹರಿಗೋಲಿಗೆ ಹೊಸ ತೊಗಲು ಹೊಲಿಯುವುದೂ ಆಗಲೇ. ಆ ವರ್ಷ ತೊಗಲು ಬದಲಿಸುವ ಸರದಿ. ಆಳುಗಳು ಇದ್ದದ್ದೇ ಅಷ್ಟು. ಎರಡೂ ಆಗುವಂತಿರಲಿಲ್ಲ. ಭಾವ ಒಂದು ಸಂಜೆ ನನ್ನ ಪಕ್ಕದಲ್ಲಿ ಕೂತು ಕೇಳಿದರು.

"ನೀನು ಓದಿದಂವ, ಯೋಳಪ್ಪ. ಈ ವರ್ಷ ತೊಗ್ಲಾ, ಕಲ್ಲಾ?"

ನಾನು ಒಂದು ಗಳಿಗೆಯೂ ಯೋಚನೆ ಮಾಡಲಿಲ್ಲ. "ಕಲ್ಲು ಹಾಕಿ ಭಾವ. ದಾರಿ ಆದ್ಮೇಲೆ ಹರಿಗೋಲು ಯಾಕೆ ಬೇಕು? ಕಲ್ಲಿಗೆ ಕಾಲಂ ಇದೆ."

ಒಳಗಿನಿಂದ ಅಕ್ಕನ ದನಿ ಬಂತು. "ಕಲ್ಲಿಗೆ ಈಜು ಬತ್ತದೇನ್ಲಾ?"

"ನಡ್ಕೊಂಡು ಹೋಗೋರಿಗೆ ಈಜು ಯಾಕೆ?" ಅಂದೆ.

ದಾರಿ ಹಾಕುವಾಗ ಎಲ್ಲರಂತೆ ಅವಳೂ ಕಲ್ಲು ಹೊತ್ತಳು. ಕೈ ಬೊಬ್ಬೆ ಬಂದಿತ್ತು. ನನಗೆ ತೋರಿಸಿ, "ಇದಕ್ಕಾರ ಕಾಲಂ ಅದಾ?" ಎಂದು ಕೆಣಕಿದಳು.

ದಾರಿ ಮುಗಿಯಿತು. ಸಾಹೇಬರು ಬಂದು ನಡೆದು ನೋಡಿ ಮೆಚ್ಚಿದರು. ಹೋಲಿಕೆಯ ವರದಿಯನ್ನು ನಾನು ಮೂರು ಪ್ರತಿ ಮಾಡಬೇಕಾಯಿತು. ನನ್ನ ಅಕ್ಷರ ದುಂಡಗಿತ್ತು. ಅದಕ್ಕಾಗಿಯೇ ಆ ಭಾನುವಾರ ಆಫೀಸಿನಲ್ಲಿ ಕೂತೆ. ದಬ್ಬಳ ಕೊಳ್ಳುವುದು ಮರೆತೆ. ವಾರದ ನಡುವೆ ನೆನಪಾಗಿ ಸಂತೆಯಲ್ಲಿ ಕೊಂಡೆ, ಇದ್ದುದರಲ್ಲಿ ದೊಡ್ಡದು. ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಬರುವ ಭಾನುವಾರ ಕೊಟ್ಟರಾಯಿತು ಅಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಹೊಳೆ ಏರಿದೆಯೆಂದು ಸುದ್ದಿ ಬಂತು. ಕೊಳ್ಳೇಗಾಲದಲ್ಲಿ ಒಂದು ಹನಿ ಮಳೆ ಇರಲಿಲ್ಲ. ಮಳೆ ಎಲ್ಲೋ ಕೊಡಗಿನಲ್ಲಿ, ವೈನಾಡಿನಲ್ಲಿ. ನಾನು ಸೈಕಲ್ ತುಳಿದು ದಡಕ್ಕೆ ಹೋದಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ಆ ಬಿಸಿಲಿನಲ್ಲಿ ಕೆಂಪು ನೀರು ಮಿಂಚುತ್ತಿತ್ತು. ಕಲ್ಲಿನ ದಾರಿ ಎಲ್ಲಿತ್ತೆಂದು ಗುರುತು ಹತ್ತಲಿಲ್ಲ. ಅದರ ಮೇಲೆ ಎರಡಾಳು ನೀರು ಓಡುತ್ತಿತ್ತು.

ತಿಟ್ಟಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಅಕ್ಕನ ಮನೆಯದು. ಜನರೆಲ್ಲ ಅಲ್ಲಿ ಸೇರಿದ್ದರು. ಕೆಲವರು ಹೆಂಚಿನ ಮೇಲೆ ಹತ್ತಿದ್ದರು. ಅಕ್ಕ ಜಗಲಿಯ ಮೇಲೆ ನಿಂತಿದ್ದಳು. ಹಸಿರು ಸೀರೆ. ಅಷ್ಟು ದೂರದಿಂದಲೂ ಅವಳು ನಿಲ್ಲುವ ರೀತಿಯಲ್ಲೇ ಗುರುತು ಸಿಕ್ಕಿತು. ನಾನು ಕೂಗಿದೆ. ಅವಳು ಕೈ ಎತ್ತಿದಳು. ಬಾ ಅಂದಳೋ ಬರಬೇಡ ಅಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಳಗಿನ ತಿಟ್ಟಿನವರಲ್ಲಿ ಬಹಳ ಮಂದಿ ತಮ್ಮ ಹರಿಗೋಲುಗಳನ್ನು ತೆಗೆದುಕೊಂಡು ಮೀನಿಗೆಂದು ಊರೂರಿನ ಕೆರೆಗಳ ಕಡೆ ಹೋಗಿಬಿಟ್ಟಿದ್ದರು. ಮಳೆಗಾಲದಲ್ಲಿ ಅದು ಅವರ ವಾಡಿಕೆ. ತೋಪಿನಲ್ಲಿ ಉಳಿದಿದ್ದದ್ದು ಮುದುಕನ ಒಂದೇ ಹರಿಗೋಲು. ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತುಕೊಂಡು, ಅವನೂ ಅವನ ಕಡೆಯ ನಾಲ್ಕು ಗಂಡಸರೂ ದಡದ ಮೇಲೆ ಓಡಿ ಬಂದರು. ನನ್ನ ಮುಂದೆಯೇ ಹಾದುಹೋದರು. ತಿಟ್ಟಿಗೆ ತಲುಪಬೇಕಾದರೆ ಅರ್ಧ ಮೈಲಿ ಮೇಲಿನಿಂದ ಹೊಳೆಗೆ ಇಳಿಯಬೇಕು. ಸೆಳೆತ ತಾನೇ ತಿಟ್ಟಿಗೆ ತಂದು ಹಾಕುತ್ತದೆ. ಅಲ್ಲಿಂದ ಜನ ಹತ್ತಿಸಿಕೊಂಡು ಹೊರಟರೆ ಬಹಳ ಕೆಳಗೆ ಹೋಗಿ ದಡ ಸೇರುತ್ತದೆ. ಮತ್ತೆ ಹೊತ್ತುಕೊಂಡು ಅಷ್ಟೂ ದೂರ ಮೇಲಕ್ಕೆ ಓಡಬೇಕು. ಒಂದು ಸುತ್ತಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ಒಂದು ಸುತ್ತಿಗೆ ಎಂಟು ಜನ.

ಮೊದಲ ಸುತ್ತಿನಲ್ಲಿ ಮಕ್ಕಳು ಬಂದರು. ಒಬ್ಬೊಬ್ಬರನ್ನೇ ಎತ್ತಿ ಕೊಟ್ಟವಳು ಅಕ್ಕ. ಎರಡನೆಯದರಲ್ಲಿ ವಯಸ್ಸಾದವರು, ಭಾವನ ತಾಯಿ. ಆಗ ಅಕ್ಕನಿಗೆ ಜಾಗವಿತ್ತಂತೆ. ಪಕ್ಕದ ಮನೆಯ ಬಸುರಿ ಹೆಂಗಸು ಹೆದರಿ ನಡುಗುತ್ತಿದ್ದಳು, ಅವಳನ್ನು ಕೂರಿಸಿದಳು. ಆ ಹೆಂಗಸೇ ನನಗೆ ಹೇಳಿದ್ದು. "ನೀನು ಓಗವ್ವ, ನಾನು ಇಂದ್ಗುಟ್ಟೇ ಬತ್ತೀನಿ" ಅಂದಳಂತೆ.

ಮೂರನೆಯ ಸುತ್ತಿಗೆ ಅವರು ಹರಿಗೋಲು ಹೊತ್ತು ಮೇಲಕ್ಕೆ ಓಡುವಾಗ ನಾನೂ ಹೆಗಲು ಕೊಟ್ಟೆ. ಒದ್ದೆ ತೊಗಲು ಬಹಳ ಭಾರ. ಬಿದಿರಿನ ಅಂಚು ಕತ್ತಿಗೆ ಒತ್ತುತ್ತಿತ್ತು. ಬೋರಲು ಹೊತ್ತಾಗ ಒಳಗಿದ್ದವರಿಗೆ ಹೊಳೆ ಕಾಣುವುದಿಲ್ಲ, ಕಾಲ ಕೆಳಗಿನ ನೆಲ ಮಾತ್ರ ಕಾಣುತ್ತದೆ. ಹಾಗಾಗಿ ಅಕ್ಕನ ಮನೆ ಕುಸಿದು ಕೂತದ್ದನ್ನು ನಾನು ನೋಡಲಿಲ್ಲ. ದಡದಲ್ಲಿದ್ದವರು ಒಟ್ಟಿಗೆ ಕಿರುಚಿದ್ದು ಕೇಳಿಸಿತು. ಮುಂದಿದ್ದ ಮುದುಕ ನಿಲ್ಲಲಿಲ್ಲ. "ನಡೀರ್ಲಾ, ನಡೀರ್ಲಾ" ಅನ್ನುತ್ತಲೇ ಇದ್ದ. ಹರಿಗೋಲು ಇಳಿಸಿದಾಗ ನೋಡಿದೆ. ಕಲ್ಲಿನ ಗೋಡೆ, ಹೆಂಚು ಯಾವುದೂ ಇರಲಿಲ್ಲ.

ಮರಗಳನ್ನು ಹಿಡಿದುಕೊಂಡಿದ್ದವರನ್ನು ಮೂರನೆಯ ಸುತ್ತಿನಲ್ಲಿ ತಂದರು. ಭಾವ ಅವರಲ್ಲಿ ಒಬ್ಬರು. ಆ ದಿನ ಹೊಳೆ ತೆಗೆದುಕೊಂಡದ್ದು ಒಬ್ಬರನ್ನೇ.

ಎರಡು ಹರಿಗೋಲು ಇದ್ದಿದ್ದರೆ ಅಕ್ಕ ಬಿಸಿಲಿರುವಾಗಲೇ ದಡದಲ್ಲಿ ನನ್ನ ಪಕ್ಕದಲ್ಲಿ ಇರುತ್ತಿದ್ದಳು. ಇದನ್ನು ನಾನು ಹದಿನೈದು ವರ್ಷದಿಂದ ಬೇರೆ ಬೇರೆ ರೀತಿಯಲ್ಲಿ ಯೋಚಿಸಿ ನೋಡಿದ್ದೇನೆ. ಬೇರೆ ಉತ್ತರ ಬರುವುದಿಲ್ಲ.

ನಾಲ್ಕು ದಿನ ದಡದುದ್ದಕ್ಕೂ ಹುಡುಕಿದೆವು. ಅಲ್ಲಿಂದ ಕೆಳಗೆ ಶಿವನಸಮುದ್ರದ ಜಲಪಾತ. ಅದನ್ನು ದಾಟಿದ ಮೇಲೆ ಹೊಳೆ ಕಾಡಿನ ಕಣಿವೆಗೆ ಇಳಿಯುತ್ತದೆ. ಮತ್ತೆ ಮನುಷ್ಯರು ಸಿಗುವುದು ಬಹಳ ಕೆಳಗೆ, ಗೋಪಿನಾಥಂ ಹತ್ತಿರ. ನಾನು ಬಸ್ಸು ಹಿಡಿದು ಹನೂರು, ಕೌದಳ್ಳಿ, ಬೆಟ್ಟ ದಾಟಿ, ಉಳಿದದ್ದನ್ನು ನಡೆದು ಅಲ್ಲಿಗೆ ಹೋದೆ. ಅಲ್ಲಿನ ಮೀನುಗಾರರು ತಮಿಳು ಬೆರೆತ ಕನ್ನಡ ಆಡುವವರು. ಹಸಿರು ಸೀರೆ, ಎಡಗೈಯಲ್ಲಿ ಹಚ್ಚೆ ಎಂದು ಹೇಳಿದೆ. ಒಬ್ಬ ವಯಸ್ಸಾದವನು ಬಲೆ ಸರಿಮಾಡುತ್ತಾ ಕೇಳಿಸಿಕೊಂಡ.

"ಯಾರು ತಂಬಿ ನಿಂಗೆ?"

"ಅಕ್ಕ."

ಅವನು ಬಲೆ ಕೆಳಗಿಟ್ಟ. "ಅರುವಿ ದಾಟಿ ಬರ್ಬೇಕಲ್ಲ ತಂಬಿ" ಅಂದ, ಜಲಪಾತಕ್ಕೆ ತಮಿಳಿನ ಮಾತು ಹಾಕಿ. ಆಮೇಲೆ, "ನೀರು ಇಳೀಲಿ. ನೋಡ್ತೀನಿ. ಸಿಕ್ಕಿದ್ರೆ ನಾನೇ ಮಣ್ಣು ಮಾಡಿ ಕಲ್ಲು ನೆಡ್ತೀನಿ. ನೀನು ಬಂದಾಗ ತೋರಿಸ್ತೀನಿ" ಅಂದ. ಅವನ ಹೆಂಡತಿ ಅನ್ನ ಹಾಕಿ ಉಣ್ಣಿಸಿ ಕಳಿಸಿದಳು.

ಹಿಂದಿರುಗಿ ಬಂದು ಭಾವನಿಗೆ ಹೇಳಿದೆ. ಅವರು ದಡದಲ್ಲಿ ನೆಂಟರ ಮನೆಯ ಹಜಾರದಲ್ಲಿದ್ದರು. ನನ್ನ ಜೇಬಿನಿಂದ ದಬ್ಬಳ ತೆಗೆದು ಅವರ ಮುಂದಿಟ್ಟೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅಕ್ಕ ತರಲು ಹೇಳಿದ್ದಳು, ಯಾಕೆಂದು ಹೇಳಲಿಲ್ಲ, ಅಂದೆ.

ಭಾವ ಅದನ್ನು ಕೈಗೆ ತೆಗೆದುಕೊಂಡು ಮೊನೆ ಮುಟ್ಟಿ ನೋಡಿದರು.

"ತೊಗ್ಲು ನೆನೆಯಾಕಿದ್ಲು ಕಣಪ್ಪ. ಯಾರ್ನೋ ಇಡ್ದು ಒಂದು ಎಮ್ಮೆ ತೊಗ್ಲು ತರಿಸ್ಕಂಡಿದ್ಲು. ಮೆಟ್ಲ ಕೆಳ್ಗೆ ಕಲ್ಲು ಏರಿ ಇಟ್ಟಿದ್ಲು. ಎಲ್ರೂ ಇಂಜಿನ್ನು ಇಂಜಿನ್ನು ಅಂತಿದ್ರಲ್ಲ, ನಗಾಡ್ತಾರೆ ಅಂತ ನಂಗೂ ಯೋಳಿರ್ನಿಲ್ಲ. ಆಮೇಕೆ ಗೊತ್ತಾಯ್ತು. ಕೋಳಿ ಓಡ್ಸಿ ಹೆಣಿಗೆ ತೊಳ್ದು ಇಟ್ಟಿದ್ಲು. ಸೂಜಿ ಬರ್ಲಿ ಅಂತ ಕೂತಿದ್ಲು."

ದಬ್ಬಳ ಸುತ್ತಿದ್ದ ಕಾಗದವನ್ನು ನಾನು ಮಡಚುತ್ತಾ ಕೂತೆ.

"ಭಾವ, ಕಲ್ಲು ಹಾಕಿ ಅಂದಂವ ನಾನು" ಅಂದೆ.

"ನೀನು ಅಂದೆ, ನಾವು ಕೇಳ್ಕಂಡೊ. ನೀನೊಬ್ನೇ ಅಲ್ಲ ಬುಡು" ಅಂದರು. ದಬ್ಬಳವನ್ನು ನನ್ನ ಕೈಗೆ ಹಿಂದಕ್ಕೆ ಇಟ್ಟು, ಬೆರಳು ಮಡಚಿದರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಇರುವವರೆಗೂ ಬೈಯಲಿಲ್ಲ.

ಮೈ ಸಿಗದಿದ್ದರಿಂದ ಕೊನೆಗೆ ಭಾವನ ತಾಯಿ ಹರಿಗೋಲಿನಲ್ಲಿ ತಂದಿದ್ದ ಗಂಟಿನಲ್ಲಿ ಉಳಿದಿದ್ದ ಅವಳ ಒಂದು ಸೀರೆಯನ್ನು ಮಡಚಿ ಮಣ್ಣು ಮಾಡಿದರು. ನಾನೂ ಮಣ್ಣು ಹಾಕಿದೆ. ಸೀರೆಯ ಮೇಲೆ ಮಣ್ಣು ಹಾಕುವಾಗ ಸದ್ದೇ ಆಗುವುದಿಲ್ಲ.

ಆಮೇಲೆ ಇನ್ನೊಂದು ಫಾರಂ ಬಂತು. ಪ್ರವಾಹದಲ್ಲಿ ನಷ್ಟವಾದ ಆಸ್ತಿಯದು. ಅದನ್ನೂ ನಾನೇ ಬರೆಯಬೇಕಿತ್ತು. ಮೇಲಿನ ತಿಟ್ಟಿನ ನಷ್ಟ ಬರೆಯಲು ಎರಡು ಹಾಳೆ ಬೇಕಾಯಿತು. ಕೆಳಗಿನ ತಿಟ್ಟಿನ ಹಾಳೆಯಲ್ಲಿ, ನಷ್ಟ ಇಲ್ಲ ಎಂದು ಬರೆದೆ. ಅವರು ಕಾರ್ತಿಕದಲ್ಲಿ ಮರಳಿ ಬಂದು ಮನೆ ಕಟ್ಟಿಕೊಂಡಿದ್ದರು. ಇಪ್ಪತ್ತನಾಲ್ಕು ಜನರನ್ನು ದಡಕ್ಕೆ ತಂದ ಆ ಹರಿಗೋಲಿನ ತೊಗಲು ಹಾಳಾಗಿತ್ತು. ಹೊಸದು ಕೊಡಿಸಲು ಫಾರಂನಲ್ಲಿ ಜಾಗವಿರಲಿಲ್ಲ, ಅದು ಅವರ ಆಸ್ತಿಯೆಂದು ಮೊದಲೇ ಬರೆದಿರಲಿಲ್ಲವಲ್ಲ. ನಾನು ಹೋಲಿಕೆಯ ವರದಿಯ ಆಫೀಸು ಪ್ರತಿಯನ್ನು ತೆಗೆದು ಸಾಹೇಬರ ಮುಂದಿಟ್ಟೆ. ಇದರಲ್ಲಿ ಹರಿಗೋಲು ಸೇರಿಸಬೇಕು ಸಾರ್, ಅಂದೆ.

ಅವರು ಕನ್ನಡಕ ತೆಗೆದರು. ಅಕ್ಕನ ವಿಷಯ ಅವರಿಗೆ ಗೊತ್ತಿತ್ತು. "ಫಾರಂ ನಾನು ಮಾಡಿದ್ದಲ್ಲ ಕಣಯ್ಯ" ಅಂದರು. ಆಮೇಲೆ ಆ ಪ್ರತಿಯನ್ನು ನನ್ನ ಕಡೆಗೆ ತಳ್ಳಿ, "ಅಂಚಿನಲ್ಲಿ ಬರಿ. ನಾನು ಸಹಿ ಹಾಕ್ತೀನಿ" ಅಂದರು. ಎರಡೂ ತಿಟ್ಟುಗಳ ಹರಿಗೋಲುಗಳನ್ನು ನಾನು ಅಂಚಿನಲ್ಲಿ ಬರೆದೆ. ಮೇಲಿನ ತಿಟ್ಟಿನದಕ್ಕೆ, ತೊಗಲು ಹಾಕಿರಲಿಲ್ಲ, ಎಂದೂ ಬರೆದೆ. ಅವರು ಸಹಿ ಹಾಕಿದರು. ಮೇಲಿನ ಕಚೇರಿಯಿಂದ ಒಟ್ಟು ವರದಿ ಅಚ್ಚಾಗಿ ಬಂದಾಗ ಅದರಲ್ಲಿ ಅಂಚಿನ ಬರಹ ಇರಲಿಲ್ಲ. ಮೇಲಿನ ತಿಟ್ಟು ಮುಂದುವರಿದದ್ದು, ಕೆಳಗಿನದು ಹಿಂದುಳಿದದ್ದು ಎಂದೇ ಇತ್ತು. ಆ ಹೊತ್ತಿಗೆ ಮೇಲಿನ ತಿಟ್ಟಿನಲ್ಲಿ ಒಬ್ಬರೂ ವಾಸವಿರಲಿಲ್ಲ.

ನಾನು ವರ್ಗ ಕೇಳಿ ಯಳಂದೂರಿಗೆ ಬಂದೆ. ಇಲ್ಲಿಯ ಹೊಳೆ ಸುವರ್ಣಾವತಿ, ವರ್ಷದಲ್ಲಿ ಬಹುಕಾಲ ಪಾದ ಮುಚ್ಚುವಷ್ಟೂ ನೀರಿರುವುದಿಲ್ಲ. ಆದರೂ ಆಷಾಢದಲ್ಲಿ ಸೇತುವೆ ದಾಟುವಾಗ ನಾನು ಕೆಳಗೆ ನೋಡುವುದಿಲ್ಲ. ಮದುವೆಯಾಯಿತು, ಮಕ್ಕಳಾದರು. ದೊಡ್ಡ ಮಗಳು ನಿಲ್ಲುವ ರೀತಿ ಅಕ್ಕನದೇ, ಸೊಂಟದ ಮೇಲೆ ಒಂದು ಕೈ, ಮುಖ ಒಂದು ಕಡೆ ವಾರೆ. ಅವಳು ಅಂಗಳದ ಆ ಕೊನೆಯಲ್ಲಿ ನಿಂತಿದ್ದರೆ ಕೂಗಲು ನನಗೆ ಭಯವಾಗುತ್ತದೆ. ಕೈ ಎತ್ತುತ್ತಾಳೇನೋ ಅಂತ.

ಪ್ರತಿ ವರ್ಷ ನೀರು ಇಳಿದ ಮೇಲೆ ಗೋಪಿನಾಥಕ್ಕೆ ಹೋಗಿಬರುತ್ತೇನೆ. ಮೊದಲ ಕೆಲವು ವರ್ಷ ಆ ಮೀನುಗಾರ ದೂರದಿಂದಲೇ ತಲೆ ಆಡಿಸುತ್ತಿದ್ದ, ಇಲ್ಲ ಎಂದು. ನಡೆದು ದಣಿದವನಿಗೆ ಆ ಕೊನೆಯ ಹೆಜ್ಜೆಗಳಾದರೂ ಉಳಿಯಲಿ ಅಂತಲೋ ಏನೋ. ಆದರೂ ನಾನು ಹತ್ತಿರ ಹೋಗಿ ಕೂರುತ್ತಿದ್ದೆ. ಈಗ ಅವನಿಲ್ಲ. ಅವನ ಹೆಂಡತಿ ಇದ್ದಾಳೆ. ಅವಳು ಕೇಳುವ ಮೊದಲೇ ಅನ್ನ ಹಾಕುತ್ತಾಳೆ.

ಹೋದ ಬೇಸಿಗೆಯಲ್ಲಿ ಮೇಲಿನ ತಿಟ್ಟಿಗೆ ಹೋಗಿದ್ದೆ. ದಾಟಿಸಿದವನು ಕೆಳಗಿನ ತಿಟ್ಟಿನ ಮುದುಕನ ಮೊಮ್ಮಗ. ನನ್ನ ಪರಿಚಯ ಅವನಿಗಿರಲಿಲ್ಲ. "ಅಲ್ಲೇನದೆ ಸಾ ನೋಡಕ್ಕೆ?" ಅಂದ. ನಾನು ನಡೆದು ನೋಡಿದೆ. ಬಾವಿಯ ಕಟ್ಟೆ ಇದೆ, ಒಳಗೆ ಮರಳು ತುಂಬಿದೆ. ಹನ್ನೊಂದು ಮೆಟ್ಟಿಲಲ್ಲಿ ಒಂಬತ್ತು ಕಾಣುತ್ತವೆ. ಕೊಟ್ಟಿಗೆಯ ಚಪ್ಪಡಿ ಅಲುಗಿಲ್ಲ. ಕಲ್ಲಿನ ದಾರಿಯದೂ ನಾಲ್ಕೈದು ಚಪ್ಪಡಿ ನೀರಿನ ತಳದಲ್ಲಿ ಹಾಗೇ ಇವೆ. ನಾನು ಫಾರಂನಲ್ಲಿ ಬರೆದದ್ದರಲ್ಲಿ ಬಹಳಷ್ಟು ನಿಂತಿದೆ.

ದಬ್ಬಳ ನನ್ನ ಪೆಟ್ಟಿಗೆಯಲ್ಲಿದೆ. ತುಕ್ಕು ಹಿಡಿಯದಂತೆ ವರ್ಷಕ್ಕೊಮ್ಮೆ ಎಣ್ಣೆ ಸವರುತ್ತೇನೆ. ಅದರಿಂದ ಏನನ್ನೂ ಹೊಲಿದಿಲ್ಲ.

ಅಕ್ಕ ಇನ್ನೂ ಸಿಕ್ಕಿಲ್ಲ.